ಅಳತೆಗೋಲೇ ಹಿಗ್ಗಿದರೆ?

ದರ್ಜಿಯ ಟೇಪು ಬಿಸಿಲಿಗೆ ಹಿಗ್ಗಿದರೆ ಏನಾಗುತ್ತದೆ? ಆತ ಎಷ್ಟೇ ಜಾಗ್ರತೆಯಿಂದ ಅಳೆದರೂ ಅಂಗಿಯ ಅಳತೆ ತಪ್ಪುತ್ತದೆ. ವಿದ್ಯುತ್ ಉಪಕರಣಗಳಲ್ಲೂ ಹೀಗೆಯೇ. ಮಲ್ಟಿಮೀಟರ್ ಯಾವುದೇ ವೋಲ್ಟೇಜನ್ನು ಅಳೆಯುವುದು ತನ್ನೊಳಗಿರುವ ಒಂದು ಸ್ಥಿರ ವೋಲ್ಟೇಜಿಗೆ ಹೋಲಿಸಿ. ಇದನ್ನು ವೋಲ್ಟೇಜ್ ರೆಫರೆನ್ಸ್ ಎನ್ನುತ್ತಾರೆ.

ಇದು ಕೇವಲ ಅಂಕಿಯ ಮಾತಲ್ಲ. ಸಾಮಾನ್ಯ ಲಿಥಿಯಂ ಅಯಾನ್ ಬ್ಯಾಟರಿಯ ಚಾರ್ಜಿಂಗ್ 4.2 ವೋಲ್ಟಿಗೆ ನಿಲ್ಲಬೇಕು. ಮಿತಿ ಮೀರಿದರೆ ಬ್ಯಾಟರಿ ಹಾಳಾಗಬಹುದು, ಬೆಂಕಿಯೂ ಹತ್ತಬಹುದು. ಇಲ್ಲಿ ನಾವು ಎಸಿ ಕೋಣೆಯಿಂದ 45 ಡಿಗ್ರಿ ಬಿಸಿಲಿಗೆ ಕಾಲಿಡುವವರು. ನಮ್ಮೊಡನೆ ಫೋನೂ ಬರುತ್ತದೆ. ಆ 4.2 ಮಾತ್ರ ಬದಲಾಗಬಾರದು!

ಹಿಂದೆ ಪ್ರಯೋಗಾಲಯಗಳಲ್ಲಿ ಎಡ್ವರ್ಡ್ ವೆಸ್ಟನ್ 1893ರಲ್ಲಿ ರೂಪಿಸಿದ ಸೆಲ್ ಬಳಸುತ್ತಿದ್ದರು. ಅದರ ವೋಲ್ಟೇಜ್ ಸುಮಾರು 1.018. ಆದರೆ ಪಾದರಸ, ಕ್ಯಾಡ್ಮಿಯಂ ತುಂಬಿದ ಗಾಜಿನ ಪಾತ್ರೆಯನ್ನು ಜೇಬಿನಲ್ಲಿ ಇಟ್ಟುಕೊಳ್ಳಲು ಆಗುತ್ತದೆಯೇ?

1970ರ ಸುಮಾರಿಗೆ ಅಮೆರಿಕದ ನ್ಯಾಷನಲ್ ಸೆಮಿಕಂಡಕ್ಟರ್ ಕಂಪನಿಯ ಬಾಬ್ ವಿಡ್ಲರ್ ಇದಕ್ಕೆ ಚಿಪ್ಪಿನಲ್ಲೇ ಉಪಾಯ ಮಾಡಿದರು. ಟ್ರಾನ್ಸಿಸ್ಟರಿನ ಬೇಸ್ ಮತ್ತು ಎಮಿಟರ್ ನಡುವೆ ಸುಮಾರು 0.65 ವೋಲ್ಟ್ ಇರುತ್ತದೆ. ಶಾಖ ಒಂದು ಡಿಗ್ರಿ ಏರಿದರೆ ಇದು ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ. ಆದರೆ ಒಂದಕ್ಕಿಂತ ಇನ್ನೊಂದರಲ್ಲಿ ಹತ್ತು ಪಟ್ಟು ಸಾಂದ್ರವಾಗಿ ವಿದ್ಯುತ್ ಹರಿಯುವ ಎರಡು ಟ್ರಾನ್ಸಿಸ್ಟರುಗಳನ್ನು ತೆಗೆದುಕೊಳ್ಳಿ. ಅವುಗಳ ವೋಲ್ಟೇಜಿನ ವ್ಯತ್ಯಾಸ ಡಿಗ್ರಿಗೆ 0.2 ಮಿಲಿವೋಲ್ಟಿನಷ್ಟು ಏರುತ್ತದೆ. ಆ ವ್ಯತ್ಯಾಸವನ್ನು ಹತ್ತರಿಂದ ಗುಣಿಸಿ ಮೊದಲಿನದಕ್ಕೆ ಕೂಡಿಸಿದರೆ ಏರಿಕೆಗೂ ಇಳಿಕೆಗೂ ಸರಿಹೋಗುತ್ತದೆ! ಉಳಿಯುವುದು ಸುಮಾರು 1.2 ವೋಲ್ಟ್. ಇದೇ ಬ್ಯಾಂಡ್‌ಗ್ಯಾಪ್ ರೆಫರೆನ್ಸ್. 1974ರಲ್ಲಿ ಅನಲಾಗ್ ಡಿವೈಸಸ್ ಕಂಪನಿಯ ಪಾಲ್ ಬ್ರೋಕಾ ಇದಕ್ಕೆ ಇನ್ನೂ ಸರಳ ರೂಪ ಕೊಟ್ಟರು.

ನ್ಯಾಷನಲ್ ಸೆಮಿಕಂಡಕ್ಟರನ್ನು 2011ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕೊಂಡುಕೊಂಡಿತು. 1985ರಲ್ಲೇ ನಮ್ಮ ಬೆಂಗಳೂರಿನಲ್ಲಿ ವಿನ್ಯಾಸ ಕೇಂದ್ರ ತೆರೆದ ಕಂಪನಿ ಅದು.

ಮಕ್ಕಳೇ, ಇದರ ಅರ್ಧ ಭಾಗವನ್ನು ನೀವೇ ನೋಡಬಹುದು. ಹಿರಿಯರ ಜೊತೆ ಕುಳಿತು, ಬಿಡಿಯಾದ ಒಂದು ಸಿಲಿಕಾನ್ ಡಯೋಡನ್ನು ಮಲ್ಟಿಮೀಟರಿನ ಡಯೋಡ್ ಪರೀಕ್ಷೆಗೆ ಜೋಡಿಸಿ. ತೆರೆಯ ಅಂಕಿ ಬರೆದುಕೊಳ್ಳಿ. ನಂತರ ಡಯೋಡಿನ ಮೈಯನ್ನು ಬೆರಳುಗಳಿಂದ ಒಂದು ನಿಮಿಷ ಹಿಡಿಯಿರಿ. ಅಂಕಿ ಮೆಲ್ಲನೆ ಇಳಿಯುತ್ತದೆ. ಬೆರಳಿನ ಶಾಖಕ್ಕೇ ಇಷ್ಟು ಜಾರುವ ವಸ್ತುವಿನಿಂದ ಜಾರದ ಅಳತೆಗೋಲು ಮಾಡಿದ್ದಾರಲ್ಲ, ಅದೇ ಸೋಜಿಗ!