ಕಡಿಮೆ ಕಾಸಿಗೆ ಗೇಮಿಂಗ್ ಪಿಸಿ: ಹಳೇ ಆಫೀಸ್ ಟವರ್ ಸಾಕು

‘ಐ5 ಪ್ರೊಸೆಸರ್, 16 ಜಿಬಿ ರ‍್ಯಾಮ್, 4 ಜಿಬಿ ಗ್ರಾಫಿಕ್ಸ್, ಜೊತೆಗೆ ಬಣ್ಣಬಣ್ಣದ ಲೈಟು’ ಎಂಬ ಜಾಹೀರಾತು ಕಂಡರೆ ಎರಡು ಪ್ರಶ್ನೆ ಕೇಳಿ: ಯಾವ ಐ5? ಯಾವ ಕಾರ್ಡ್? 2011ರ ಐ5-2400 ಕೂಡ ಐ5 ಹೆಸರಿನಲ್ಲೇ ಮಾರಾಟವಾಗುತ್ತದೆ, 2018ರ ಐ5-8500 ಕೂಡ. ಮೊದಲಿನದಕ್ಕೆ ನಾಲ್ಕು ಕೋರ್, ಎರಡನೆಯದಕ್ಕೆ ಆರು. ‘4 ಜಿಬಿ ಗ್ರಾಫಿಕ್ಸ್’ ಎಂದು ಹೇಳಿ ಕೊಡುವುದು ಎಷ್ಟೋ ಸಲ ಜಿಟಿ 730 ಕಾರ್ಡ್. ಅದು ಸಿನಿಮಾ ನೋಡಲು ಸರಿ, ಇವತ್ತಿನ ಆಟಕ್ಕಲ್ಲ. ನೀವು ದುಡ್ಡು ಕೊಡುವುದು ಲೈಟಿಗೆ.

ಮಾನಿಟರ್ ಬಿಟ್ಟು ಸುಮಾರು 25 ಸಾವಿರ ರೂಪಾಯಿ ಕೈಯಲ್ಲಿದೆ ಎಂದಿಟ್ಟುಕೊಳ್ಳೋಣ. ಇಷ್ಟರಲ್ಲಿ ಹೊಸ ಬಿಡಿಭಾಗ ತಂದು ಜೋಡಿಸುವ ಆಸೆ ಬೇಡ. ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ 2025ರ ಕೊನೆಗೆ ರ‍್ಯಾಮ್ ಬೆಲೆ ಏರಿದ ಮೇಲಂತೂ ಲೆಕ್ಕ ಕೂಡುವುದೇ ಇಲ್ಲ. ಕಂಪನಿಗಳು ಕೆಲವು ವರ್ಷ ಬಳಸಿ ಬಿಟ್ಟ ಡೆಸ್ಕ್‌ಟಾಪ್ ಕೊಂಡು, ಅದಕ್ಕೊಂದು ಗ್ರಾಫಿಕ್ಸ್ ಕಾರ್ಡ್ ಹಾಕುವುದು ಜಾಣತನ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಇಂಥವು ಸಿಗುತ್ತವೆ. ಎರಡು ಮೂರು ಅಂಗಡಿ ವಿಚಾರಿಸದೆ ದುಡ್ಡು ತೆಗೆಯಬೇಡಿ.

ಕೇಳಬೇಕಾದ ಮಾದರಿಗಳು: ಡೆಲ್ ಆಪ್ಟಿಪ್ಲೆಕ್ಸ್ 7060, ಎಚ್‌ಪಿ ಎಲೈಟ್‌ಡೆಸ್ಕ್ 800 ಜಿ4, ಲೆನೊವೊ ಥಿಂಕ್‌ಸೆಂಟರ್ ಎಂ920ಟಿ. ಮೂರೂ ಇಂಟೆಲ್‌ನ 8ನೇ ತಲೆಮಾರಿನ ಕಾಲದವು. ಅದಕ್ಕಿಂತ ಹಳೆಯದು ಅಗ್ಗಕ್ಕೆ ಬಂದರೂ ಬೇಡ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ವಿಂಡೋಸ್ 11 ಅಧಿಕೃತವಾಗಿ ಬೇಕೆಂದರೆ ಇಂಟೆಲ್‌ನಲ್ಲಿ ಹೆಚ್ಚುಕಡಿಮೆ 8ನೇ ತಲೆಮಾರಿನಿಂದಲೇ ಶುರು.

ಟವರ್ ಮಾದರಿಯನ್ನೇ ಕೇಳಿ. ಎಸ್‌ಎಫ್‌ಎಫ್ ಎಂದು ಕರೆಯುವ ಚಪ್ಪಟೆ ಪೆಟ್ಟಿಗೆಗೆ ಅರ್ಧ ಎತ್ತರದ ಕಾರ್ಡ್ ಮಾತ್ರ ಹಿಡಿಸುತ್ತದೆ, ಅದು ಸಿಗುವುದೂ ಕಷ್ಟ, ಬೆಲೆಯೂ ಜಾಸ್ತಿ. ಅಂಗಡಿಯಲ್ಲೇ ಆನ್ ಮಾಡಿಸಿ ಬಯಾಸ್ ತೆರೆಯಿರಿ (ಡೆಲ್ ಆದರೆ ಎಫ್2 ಕೀಲಿ). ಹಳೇ ಕಂಪನಿಯ ಪಾಸ್‌ವರ್ಡ್ ಕೇಳಿದರೆ ಆ ಪೆಟ್ಟಿಗೆ ಅಲ್ಲೇ ಬಿಟ್ಟು ಬನ್ನಿ. ವಿಂಡೋಸ್ 11ರಲ್ಲಿ ವ್ಯಾಲರಂಟ್ ಆಡಲು ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಎರಡೂ ಆನ್ ಇರಬೇಕು; ಅವು ಇರುವುದು ಬಯಾಸ್‌ನೊಳಗೇ.

ಇನ್ನು ಕಾರ್ಡ್. ಈ ಟವರ್‌ಗಳ ಎಸ್‌ಎಂಪಿಎಸ್ ಸಾಮಾನ್ಯವಾಗಿ 250 ವ್ಯಾಟ್ ಆಸುಪಾಸಿನದು, ಕನೆಕ್ಟರ್ ಕೂಡ ಕಂಪನಿಯದೇ ವಿನ್ಯಾಸ. ಬೇರೆ ತಂದು ಹಾಕುವುದು ಸುಲಭವಲ್ಲ. ಹಾಗಾಗಿ ಮದರ್‌ಬೋರ್ಡ್ ಸ್ಲಾಟ್ ಕೊಡುವ 75 ವ್ಯಾಟ್‌ನಲ್ಲೇ ಓಡುವ, ಪ್ರತ್ಯೇಕ ಪವರ್ ಕೇಬಲ್ ಬೇಡದ ಕಾರ್ಡ್ ಬೇಕು. ಆರ್‌ಎಕ್ಸ್ 580 ಅಗ್ಗ ಎಂದು ಆಸೆಪಟ್ಟರೆ ಅದು 185 ವ್ಯಾಟ್ ಎಳೆಯುತ್ತದೆ. ಜೊತೆಗೆ ಎಷ್ಟೋ ಕಾರ್ಡ್‌ಗಳು 2022ರವರೆಗೆ ಈಥೀರಿಯಂ ಮೈನಿಂಗ್‌ನಲ್ಲಿ ಹಗಲೂರಾತ್ರಿ ದುಡಿದು ದಣಿದವು.

ಉಳಿಯುವುದು ಜಿಟಿಎಕ್ಸ್ 1050 ಟಿಐ ಮತ್ತು ಜಿಟಿಎಕ್ಸ್ 1650. ಒಂದೆರಡು ಸಾವಿರ ಜಾಸ್ತಿಯಾದರೂ ನನ್ನ ಓಟು 1650ಕ್ಕೆ. ವೇಗ ಹೆಚ್ಚು ಎನ್ನುವುದು ಒಂದು ಕಾರಣ. ಇನ್ನೊಂದು, 1050 ಟಿಐ ಸೇರಿದ ಪ್ಯಾಸ್ಕಲ್ ಪೀಳಿಗೆಗೆ ಹೊಸ ಆಟಗಳ ಡ್ರೈವರ್ ಕೊಡುವುದನ್ನು ಎನ್‌ವಿಡಿಯಾ 2025ರ ಅಕ್ಟೋಬರ್‌ಗೆ ನಿಲ್ಲಿಸಿದೆ. 1650ರಲ್ಲೂ ಕೆಲವಕ್ಕೆ 6 ಪಿನ್ ಪವರ್ ಸಾಕೆಟ್ ಇರುತ್ತದೆ, ಅದು ಬೇಡ. ಒಂದೇ ಫ್ಯಾನಿನ ಗಿಡ್ಡ ಕಾರ್ಡ್ ಆರಿಸಿ. ಉದ್ದದ್ದು ಹಾರ್ಡ್‌ಡಿಸ್ಕ್ ಗೂಡಿಗೆ ತಗಲುತ್ತದೆ. ಟೇಪು ಹಿಡಿದು ಅಳೆದರೆ ತಪ್ಪಿಲ್ಲ.

ಸೆಕೆಂಡ್ ಹ್ಯಾಂಡ್ ಕಾರ್ಡನ್ನು ಕಣ್ಣೆದುರು ಓಡಿಸದೆ ಕೊಳ್ಳಬೇಡಿ. ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ಪೆನ್‌ಡ್ರೈವ್‌ನಲ್ಲಿರಲಿ. ಹಳೇ ಚಿಪ್‌ಗೆ ಹೊಸ ಹೆಸರು ಅಂಟಿಸಿದ ಎನ್‌ವಿಡಿಯಾ ಕಾರ್ಡ್ ಆದರೆ ಅದು ಹೆಸರಿನ ಜೊತೆಗೆ ‘ಫೇಕ್’ ಎಂದು ತೋರಿಸುತ್ತದೆ. ಬಳಿಕ ಕಾರ್ಡನ್ನು ಪೂರ್ತಿ ದುಡಿಸಿ ಪರೀಕ್ಷಿಸುವ ಫರ್‌ಮಾರ್ಕ್ ತಂತ್ರಾಂಶ ಹಾಕಿ ಹತ್ತು ನಿಮಿಷ ಕಾಯಿರಿ. ಪರದೆಯ ಮೇಲೆ ಚುಕ್ಕಿ, ಗೆರೆ ಕಂಡರೆ, ಫ್ಯಾನ್ ಕರಕರ ಎಂದರೆ ಬೇಡ ಎನ್ನಿ. ಮಾರುವವರು ಮುಖ ಸಿಂಡರಿಸಿದರೆ ಸಿಂಡರಿಸಲಿ. ಬಿಲ್ಲಿನಲ್ಲಿ ಸೀರಿಯಲ್ ನಂಬರ್, ವಾರಂಟಿಯ ದಿನ ಎರಡನ್ನೂ ಬರೆಸಿಕೊಳ್ಳಿ.

ಟವರ್‌ನಲ್ಲಿ 8 ಜಿಬಿಯ ಒಂದೇ ರ‍್ಯಾಮ್ ಕಡ್ಡಿ ಇದ್ದರೆ ಅದೇ ಬಗೆಯ ಇನ್ನೊಂದು ಸೇರಿಸಿ; ಎರಡು ಚಾನೆಲ್‌ನಲ್ಲಿ ಕೆಲಸ ಮಾಡಿದರೆ ಆಟ ತಡವರಿಸುವುದು ಕಡಿಮೆ. ಎಸ್‌ಎಸ್‌ಡಿ ಇಲ್ಲದಿದ್ದರೆ ಹಾಕಿಸಿ. ಹಣ ಸಾಲದಿದ್ದರೆ ರ‍್ಯಾಮ್ ಮುಂದಿನ ತಿಂಗಳು ನೋಡಿಕೊಳ್ಳಬಹುದು.

ಇಷ್ಟಕ್ಕೆ ವ್ಯಾಲರಂಟ್, ಜಿಟಿಎ 5 ಫುಲ್ ಎಚ್‌ಡಿಯಲ್ಲಿ ಆರಾಮ. ಸೈಬರ್‌ಪಂಕ್‌ನಂಥ ಭಾರೀ ಆಟಕ್ಕೆ ಸೆಟ್ಟಿಂಗ್ ಇಳಿಸಬೇಕು. ರೇ ಟ್ರೇಸಿಂಗ್ ಕಡ್ಡಾಯ ಮಾಡಿರುವ 2024ರ ಇಂಡಿಯಾನಾ ಜೋನ್ಸ್ ಥರದ್ದು ಶುರುವೇ ಆಗುವುದಿಲ್ಲ.

ಕಾರ್ಡ್ ಕೂರಿಸುವಾಗ ಪ್ಲಗ್ ಕಿತ್ತು, ಪೆಟ್ಟಿಗೆಯ ಲೋಹದ ಮೈ ಒಮ್ಮೆ ಮುಟ್ಟಿ. ಉದ್ದದ ಸ್ಲಾಟಿಗೆ ನೇರವಾಗಿ ಒತ್ತಿ, ಕೊಂಡಿ ಹಾಕಿ, ಸ್ಕ್ರೂ ಬಿಗಿಮಾಡಿ. ಮಾನಿಟರ್ ಕೇಬಲ್ಲನ್ನು ಮದರ್‌ಬೋರ್ಡಿನ ಹಳೇ ಪೋರ್ಟಿಗಲ್ಲ, ಕಾರ್ಡಿನ ಪೋರ್ಟಿಗೇ ಚುಚ್ಚಿ. ಎಲ್ಲ ಸರಿಯಿದ್ದೂ ಪರದೆ ಕಪ್ಪಗೇ ಇದ್ದರೆ ಅಂಗಡಿಗೆ ಫೋನ್ ಮಾಡುವ ಮೊದಲು ಅದನ್ನೊಮ್ಮೆ ನೋಡಿ.