ಡಿಸ್ನಿಲ್ಯಾಂಡ್‌ನಿಂದ ಗೊಟಗೋಡಿಗೆ: ಒಂದು ಪಾಠಾನುಭವ

ತರಗತಿ: 9. ವಿಷಯ: ವಿಜ್ಞಾನ. ಘಟಕ: ಕೆಲಸ ಮತ್ತು ಶಕ್ತಿ.

ಮೊದಲ ದಿನ ಪೀಠಿಕೆಗೆ ಡಿಸ್ನಿಲ್ಯಾಂಡಿನ ರೋಲರ್ ಕೋಸ್ಟರ್ ಆರಿಸಿಕೊಂಡೆ. 1955ರಲ್ಲಿ ಅಮೆರಿಕದಲ್ಲಿ ಆರಂಭವಾದ ಆ ಉದ್ಯಾನದ ಮಿಕ್ಕಿಯನ್ನು ಎಲ್ಲರೂ ಗುರುತಿಸಿದರು; ಪ್ರಶ್ನೆ ಕೇಳಿದಾಗ ಮಾತ್ರ ತರಗತಿ ಮೌನವಾಯಿತು.

ಮರುದಿನ ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿರುವ ಉತ್ಸವ ರಾಕ್ ಗಾರ್ಡನ್ ಚಿತ್ರ ತೋರಿಸಿದೆ. ಕಲಾವಿದ ಟಿ.ಬಿ. ಸೊಲಬಕ್ಕನವರ ಅಲ್ಲಿ ವಿದೇಶಿ ಗೊಂಬೆಗಳನ್ನು ಅನುಕರಿಸದೆ ನಮ್ಮ ಹಳ್ಳಿಯ ಬದುಕನ್ನೇ ಶಿಲ್ಪವಾಗಿಸಿದ್ದಾರೆ. “ಸರ್, ಟ್ರಿಪ್ಪಿಗೆ ಹೋಗಿದ್ವಿ!” ಎಂದು ಹಲವರು ಎದ್ದು ನಿಂತರು.

“ಈ ಶಿಲ್ಪದ ಎತ್ತು ಎಷ್ಟು ಕೆಲಸ ಮಾಡೇತಿ?”

“ಸೊನ್ನೆ ಸರ್! ನಿಂತಲ್ಲೇ ನಿಂತೇತಿ.”

ಸ್ಥಾನಪಲ್ಲಟವಿಲ್ಲದೆ ಕೆಲಸವಿಲ್ಲ ಎಂಬ ಅಂಶ ಮಕ್ಕಳ ಬಾಯಿಂದಲೇ ಬಂತು. ಆಮೇಲೆ ಹೊಲದ ಎತ್ತಿನ ಲೆಕ್ಕ ಸುಲಭವಾಯಿತು.

ನಾನು ಕಲಿತದ್ದು: ಜಗತ್ಪ್ರಸಿದ್ಧ ಹೆಸರಿನೊಂದಿಗೆ ಪೈಪೋಟಿಗೆ ನಕಲು ಬೇಕಿಲ್ಲ, ಮಕ್ಕಳು ಕಂಡದ್ದನ್ನು ಪಾಠಕ್ಕೆ ತಂದರೆ ಸಾಕು.