ತರಗೆಲೆ ಹೀರುವ ಯಂತ್ರವನ್ನು ಜೋಡಿಸಿ ನಡೆಯಿಸುವ ಕ್ರಮ

ಅಮೆರಿಕಾ ದೇಶದ ಉತ್ತರದ ಸಂಸ್ಥಾನಗಳಲ್ಲಿ ಅಕ್ಟೋಬರ್ ಮತ್ತು ನವೆಂಬರ್ ತಿಂಗಳುಗಳು ಬಂದವೆಂದರೆ ಮೇಪಲ್, ಓಕ್ ಮೊದಲಾದ ಮರಗಳು ಕೆಲವೇ ವಾರಗಳಲ್ಲಿ ಎಲೆಗಳನ್ನೆಲ್ಲಾ ಉದುರಿಸಿ, ಮನೆಗಳ ಮುಂದಣ ಹುಲ್ಲುಹಾಸನ್ನು ಮುಚ್ಚಿಬಿಡುತ್ತವೆ. ಒದ್ದೆಯಾದ ಎಲೆ ಪದರಪದರವಾಗಿ ಕುಳಿತರೆ ಕೆಳಗಿನ ಹುಲ್ಲು ಬೆಳಕಿಲ್ಲದೆ ಕೊಳೆಯುವುದರಿಂದ ಅದನ್ನು ಬೇಗನೆ ತೆಗೆಯಬೇಕಾಗುತ್ತದೆ. ಈ ಕೆಲಸಕ್ಕಾಗಿ ಅಲ್ಲಿ ರೂಢಿಯಲ್ಲಿರುವ ಸಾಧನಗಳಲ್ಲಿ ಹುಲ್ಲು ಕತ್ತರಿಸುವ ಗಾಡಿಯ ಹಿಂದೆ ಕಟ್ಟಿ ಎಳೆಯುವ ಹೀರುಯಂತ್ರವೂ ಒಂದು. ನಮ್ಮ ಸೀಮೆಯಲ್ಲಿ ಎಲೆಯುದುರುವ ಕಾಲವೂ ಬೇರೆ, ಪ್ರಯೋಜನವೂ ಬೇರೆ. ಇಲ್ಲಿ ತರಗು ಕಸವಲ್ಲ, ಗೊಬ್ಬರದ ಮೂಲವಸ್ತು. ವಿಶಾಲವೂ ಸಮತಟ್ಟೂ ಆದ ತೋಪುಗಳುಳ್ಳ ಹಿಡುವಳಿದಾರರು ಇಂಥ ಯಂತ್ರಕ್ಕೆ ಹಣ ಹಾಕುವುದಕ್ಕೆ ಮುಂಚೆ, ಅದು ಹೇಗೆ ಕೆಲಸಮಾಡುತ್ತದೆ, ಎಲ್ಲಿ ಕೆಡುತ್ತದೆ, ಎಲ್ಲಿ ಕೈಗೆ ಮುಳುವಾಗುತ್ತದೆ ಎಂಬುದನ್ನು ತಿಳಿದಿರತಕ್ಕದ್ದು.

ಯಂತ್ರದ ರಚನೆ ಸರಳವಾದದ್ದು. ಮುಂದೆ ಚಾಲಕನು ಕುಳಿತು ನಡೆಯಿಸುವ ಮೋವರ್ ಗಾಡಿ. ಹಿಂದೆ ಕೊಂಡಿಯಿಂದ ಸಿಕ್ಕಿಸಿದ ಎರಡು ಗಾಲಿಯ ಪೆಟ್ಟಿಗೆಬಂಡಿ. ಬಂಡಿಯ ಮೂಕಿಯ ಮೇಲೆ ಬೇರೊಂದು ಸಣ್ಣ ಪೆಟ್ರೋಲ್ ಎಂಜಿನ್, ಮತ್ತು ಅದು ತಿರುಗಿಸುವ ಉಕ್ಕಿನ ರೆಕ್ಕೆಗಳ ಚಕ್ರ. ಮೋವರಿನ ಪಕ್ಕದ ಬಾಯಿಯಿಂದ ಈ ಚಕ್ರದ ಗೂಡಿನವರೆಗೆ ಸುಮಾರು ಏಳೆಂಟು ಅಂಗುಲ ವ್ಯಾಸದ ಬಳುಕುವ ಕೊಳವೆಯೊಂದು ಇರುತ್ತದೆ. ಬಂಡಿಯ ಮೇಲಿನ ಎಂಜಿನ್ನೇ ನೆಲದ ಎಲೆಯನ್ನು ಹೀರುತ್ತದೆಂದು ಅನೇಕರು ಭಾವಿಸುವುದುಂಟು. ವಾಸ್ತವವಾಗಿ ಎಲೆಯನ್ನು ನೆಲದಿಂದ ಎಬ್ಬಿಸುವುದು ಮೋವರಿನ ಅಲಗೇ. ವೇಗವಾಗಿ ತಿರುಗುವ ಅಲಗಿನ ಹಿಂಬದಿಯ ಮಡಿಕೆಯು ಗಾಳಿಯನ್ನು ಮೇಲಕ್ಕೆಳೆದು, ಎಲೆಯನ್ನು ಎತ್ತಿ, ತುಂಡರಿಸಿ, ಪಕ್ಕದ ಬಾಯಿಗೆ ಎಸೆಯುತ್ತದೆ. ಅಲ್ಲಿಂದ ಮುಂದಕ್ಕೆ ಬಂಡಿಗೆ ಸಾಗಿಸುವುದಷ್ಟೇ ರೆಕ್ಕೆಚಕ್ರದ ಕೆಲಸ. ಆದುದರಿಂದ ಅಲಗು ಮೊಂಡಾಗಿದ್ದರೆ, ಅಥವಾ ಹುಲ್ಲನ್ನು ನೆಲದಲ್ಲೇ ಪುಡಿಮಾಡಿ ಬಿಡುವುದಕ್ಕೆಂದು ತಯಾರಿಸಿದ ಬಗೆಯದಾಗಿದ್ದರೆ, ಎಂಜಿನ್ ಎಷ್ಟು ಬಲವಾಗಿದ್ದರೂ ಬಂಡಿ ತುಂಬಲಾರದು. ಎತ್ತರದ ಮಡಿಕೆಯುಳ್ಳ ಹರಿತವಾದ ಅಲಗೇ ಇದಕ್ಕೆ ತಕ್ಕದ್ದು.

ಜೋಡಿಸುವ ಕೆಲಸವನ್ನು ಸಮನೆಲದ ಮೇಲೆ ನಿಧಾನವಾಗಿ ಮಾಡಬೇಕು. ಹೊಸ ಎಂಜಿನ್ನುಗಳು ಸಾಮಾನ್ಯವಾಗಿ ಎಣ್ಣೆಯಿಲ್ಲದೆ ಬರುವುವಾದ್ದರಿಂದ ಎಣ್ಣೆಯ ಮಟ್ಟವನ್ನು ನೋಡದೆ ಅದನ್ನು ಒಮ್ಮೆಯೂ ತಿರುಗಿಸಕೂಡದು. ಕೊಂಡಿಗೆ ಗೂಟ ಹಾಕಿದ ಮೇಲೆ ಅದು ಮೇಲಕ್ಕೆ ನೆಗೆಯದಂತೆ ಕೀಲನ್ನೂ ತೊಡಿಸಬೇಕು. ಹಿಂಭಾಗದಲ್ಲಿ ಭಾರ ಹೆಚ್ಚಾದಾಗ ಮೂಕಿ ಎದ್ದು ಗೂಟವನ್ನು ಕಿತ್ತೊಗೆಯುವ ಸಂಭವವುಂಟು. ಇವೆಲ್ಲಕ್ಕಿಂತ ಹೆಚ್ಚು ತಾಳ್ಮೆ ಬೇಕಾದದ್ದು ಮೋವರಿನ ಬಾಯಿಗೆ ತೊಡಿಸುವ ಮೂತಿಯ ವಿಷಯದಲ್ಲಿ. ಕಮ್ಮಾರನ ತಿದಿಯ ಚರ್ಮದಲ್ಲಿ ತೂತೊಂದಿದ್ದರೆ ಎಷ್ಟು ಒತ್ತಿದರೂ ಕುಲುಮೆ ಹೊತ್ತದು. ಹಾಗೆಯೇ ಮೂತಿಗೂ ಬಾಯಿಗೂ ನಡುವೆ ಎರಡು ಬೆರಳು ಸಂದು ಉಳಿದರೂ ಗಾಳಿ ಅಲ್ಲೇ ಸೋರಿ, ಎಲೆ ದಾರಿಯಲ್ಲಿಯೇ ಬೀಳುತ್ತದೆ. ಮೂತಿಯು ಆಯಾ ಮೋವರಿಗೆಂದೇ ಅಳತೆಮಾಡಿದ್ದಾಗಿದ್ದರೆ ಲೇಸು. ತೂತು ಕೊರೆದು ಕೂರಿಸಬೇಕಾಗಿ ಬಂದರೆ, ಕೊರೆಯುವ ಮೊದಲೇ ಸ್ಪಾರ್ಕ್ ಪ್ಲಗ್ಗಿನ ತಂತಿಯನ್ನು ಕಳಚಿಡತಕ್ಕದ್ದು. ಕೂರಿಸಿದ ನಂತರ ದಪ್ಪ ಕೈಚೀಲ ತೊಟ್ಟು ಅಲಗನ್ನು ಒಂದು ಸುತ್ತು ತಿರುಗಿಸಿ, ಬೋಲ್ಟಿನ ತುದಿ ಅಲಗಿಗೆ ತಾಗುವುದಿಲ್ಲವೆಂಬುದನ್ನು ಖಚಿತಪಡಿಸಿಕೊಳ್ಳತಕ್ಕದ್ದು.

ಕೊಳವೆಯ ಉದ್ದವನ್ನು ಗಾಡಿ ನೇರವಾಗಿ ನಿಂತಿರುವಾಗ ಅಳೆದು ಕತ್ತರಿಸುವುದು ಸಾಮಾನ್ಯವಾದ ತಪ್ಪು. ಗಾಡಿಯನ್ನು ಎಡಕ್ಕೂ ಬಲಕ್ಕೂ ಪೂರ್ತಿಯಾಗಿ ತಿರುಗಿಸಿ, ಮೋವರಿನ ತಟ್ಟೆಯನ್ನು ಮೇಲೆತ್ತಿಯೂ ಕೆಳಗಿಳಿಸಿಯೂ ನೋಡಿ, ಎಲ್ಲಿಯೂ ಕೊಳವೆ ಸೆಳೆಯದಷ್ಟು ಉದ್ದ ಬಿಡಬೇಕು; ಹೆಚ್ಚಾದರೆ ನಡುವೆ ಜೋತುಬಿದ್ದು, ಆ ತಗ್ಗಿನಲ್ಲಿ ಎಲೆ ಕುಳಿತುಕೊಳ್ಳುತ್ತದೆ.

ಎಲೆ ಒಣಗಿರುವಾಗಲೇ ಕೆಲಸಮಾಡುವುದು ಉತ್ತಮ. ಬೆಳಗಿನ ಇಬ್ಬನಿ ಆರುವವರೆಗೆ ಕಾಯುವ ತಾಳ್ಮೆಯಿಲ್ಲದವನು ಮಧ್ಯಾಹ್ನವನ್ನೆಲ್ಲಾ ಕೊಳವೆಯನ್ನು ಬಿಚ್ಚಿ ಕಟ್ಟುವುದರಲ್ಲಿ ಕಳೆಯಬೇಕಾಗುವುದು. ಮೊದಲು ಕಲ್ಲು, ತಂತಿ, ಕೊಂಬೆ, ತೆಂಗಿನ ಮಟ್ಟೆಗಳನ್ನು ಆರಿಸಿ ತೆಗೆಯಬೇಕು. ಬಂಡಿಯ ಎಂಜಿನ್ ಪೂರ್ಣವೇಗಕ್ಕೆ ಬಂದ ಮೇಲೆ ಅಲಗನ್ನು ಓಡಿಸಬೇಕೇ ಹೊರತು ಹಿಂದುಮುಂದಾಗಕೂಡದು. ಎಲೆ ದಟ್ಟವಾಗಿದ್ದಲ್ಲಿ ತಟ್ಟೆಯನ್ನು ಎತ್ತರದಲ್ಲಿಟ್ಟು, ತಟ್ಟೆಯ ಅರ್ಧದಷ್ಟು ಅಗಲವನ್ನು ಮಾತ್ರ ಹಿಡಿದು, ನಡಿಗೆಯ ವೇಗದಲ್ಲಿ ಸಾಗಿದರೆ ಸಾಕು. ಎಲೆ ಹರಿಯುತ್ತಿರುವಾಗ ಕೊಳವೆಯಲ್ಲಿ ಸರಸರನೆ ಸದ್ದಿರುತ್ತದೆ. ಆ ಸದ್ದು ನಿಂತು ತಟ್ಟೆಯ ಅಂಚಿನಿಂದ ಎಲೆ ಉದುರತೊಡಗಿದರೆ ಎಲ್ಲಿಯೋ ಕಟ್ಟಿಕೊಂಡಿದೆ ಎಂದರ್ಥ. ನಿಲ್ಲಿಸುವಾಗ ಅಲಗನ್ನು ಮೊದಲು ನಿಲ್ಲಿಸಿ, ಕೊಳವೆ ಬರಿದಾಗುವವರೆಗೆ ಬಂಡಿಯ ಎಂಜಿನ್ನನ್ನು ಓಡಲು ಬಿಡಬೇಕು.

ಯಂತ್ರವು ಕೈಬೆರಳುಗಳನ್ನು ಬಲಿ ತೆಗೆದುಕೊಳ್ಳುವುದು ಈ ಕಟ್ಟಿಕೊಂಡ ಎಲೆಯನ್ನು ಬಿಡಿಸುವಾಗಲೇ. ಎಂಜಿನ್ ನಿಂತ ಕೂಡಲೇ ರೆಕ್ಕೆಚಕ್ರ ನಿಲ್ಲುವುದಿಲ್ಲ. ಭಾರವಾದ ಉಕ್ಕಾದ್ದರಿಂದ ಕೆಲವು ಕ್ಷಣ ಸದ್ದಿಲ್ಲದೆ ತಿರುಗುತ್ತಿರುತ್ತದೆ. ಸದ್ದಡಗಿದುದನ್ನು ನಂಬಿ ಕೈಹಾಕುವವನಿಗೆ ಅಪಾಯ ತಪ್ಪದು. ಎರಡು ಎಂಜಿನ್ನುಗಳನ್ನೂ ನಿಲ್ಲಿಸಿ, ಪ್ಲಗ್ಗಿನ ತಂತಿಗಳನ್ನು ಕಳಚಿ, ಚಕ್ರ ಸಂಪೂರ್ಣವಾಗಿ ನಿಂತಿರುವುದನ್ನು ಕಣ್ಣಾರೆ ನೋಡಿ, ಅನಂತರ ಕೋಲಿನಿಂದ ಎಲೆಯನ್ನು ಎಳೆದುಹಾಕಬೇಕು. ಜಮೀನಿನ ಒಡೆಯನು ಈ ಕೆಲಸವನ್ನು ಆಳಿಗೆ ಒಪ್ಪಿಸುವುದಾದರೆ ಇದನ್ನು ಬಾಯಲ್ಲಿ ಹೇಳಿದರೆ ಸಾಲದು. ಎದುರಿಗೆ ನಿಂತು ಒಮ್ಮೆ ಮಾಡಿಸಿ ತೋರಿಸತಕ್ಕದ್ದು. ಧೂಳು ವಿಪರೀತವಾಗಿರುವುದರಿಂದ ಮೂಗಿಗೆ ಬಟ್ಟೆಯೂ ಕಣ್ಣಿಗೆ ಕನ್ನಡಕವೂ ಇರಲಿ. ಮಕ್ಕಳು ಹತ್ತಿರ ಸುಳಿಯಕೂಡದು. ಬೆಂಕಿಯ ಭಯವೂ ಇಲ್ಲದಿಲ್ಲ: ಕಾದ ಸೈಲೆನ್ಸರಿನ ಸುತ್ತ ಒಣಪುಡಿ ಕೂಡುತ್ತದೆ. ತುಂಬಿದ ಬಂಡಿಯನ್ನು ರಾತ್ರಿ ಕೊಟ್ಟಿಗೆಯಲ್ಲಾಗಲಿ ಹುಲ್ಲಿನ ಬಣವೆಯ ಪಕ್ಕದಲ್ಲಾಗಲಿ ನಿಲ್ಲಿಸಬಾರದು. ಎಂಜಿನ್ ಆರುವ ಮುನ್ನ ಪೆಟ್ರೋಲ್ ಹಾಕಬಾರದು.

ಇಳಿಜಾರಿನಲ್ಲಿ ತುಂಬಿದ ಬಂಡಿ ಹಿಂದಿನಿಂದ ನೂಕಿ ಮೋವರನ್ನು ಅಡ್ಡ ತಿರುಗಿಸುವುದರಿಂದ ಮಲೆನಾಡಿನ ಬೆಟ್ಟಗಳಿಗೆ ಇದು ಹೇಳಿಮಾಡಿಸಿದ್ದಲ್ಲ. ಸೊಪ್ಪಿನ ಬೆಟ್ಟದ ದರಕನ್ನು ಗುಡಿಸಿ ಕಲ್ಲಿಯಲ್ಲಿ ತುಂಬಿ ತರುವ ಪದ್ಧತಿಯೇ ಅಲ್ಲಿ ಸರಿ. ಕಾದಿಗೆಗಳುಳ್ಳ ಅಡಿಕೆ ತೋಟದೊಳಕ್ಕಂತೂ ಗಾಡಿ ಇಳಿಯಲಾರದು. ಕಲ್ಲಿಲ್ಲದ ಬಯಲಿನ ಮಾವಿನ ತೋಪು, ದೊಡ್ಡ ಪಾಠಶಾಲೆಯ ಆವರಣ ಇಂಥಲ್ಲಿ ಉಪಯುಕ್ತವಾಗಬಹುದು. ಎರಡೆಕರೆ ತೋಪಿಗಾಗಿ ಒಬ್ಬನೇ ಕೊಳ್ಳುವುದು ದುಂದು. ನಾಲ್ಕಾರು ಹಿಡುವಳಿದಾರರು ಸೇರಿ ಕೊಂಡರೆ, ಎಣ್ಣೆ ಮತ್ತು ಅಲಗಿನ ಜವಾಬ್ದಾರಿಯನ್ನು ಒಬ್ಬನಿಗೇ ವಹಿಸತಕ್ಕದ್ದು. ಎಲ್ಲರದೂ ಆದ ಯಂತ್ರಕ್ಕೆ ಎಣ್ಣೆ ಹಾಕುವವರು ಯಾರೂ ಇರುವುದಿಲ್ಲ.

ಹೀಗೆ ಬಂದ ಎಲೆ ತುಂಡಾಗಿರುವುದೇ ಈ ಯಂತ್ರದ ದೊಡ್ಡ ಲಾಭ. ಮಾವಿನ ಇಡೀ ಎಲೆ ಬಿರುಸಾದದ್ದು; ನೀರನ್ನು ಜಾರಿಸಿ ಬಹುಕಾಲ ಹಾಗೆಯೇ ಉಳಿಯುತ್ತದೆ. ತುಂಡಾದರೆ ನೀರು ಹಿಡಿದು ಬೇಗ ಕಳಿಯುತ್ತದೆ. ಆದರೆ ಒಣ ಎಲೆಯಲ್ಲಿ ಸಾರಜನಕವು ಕಡಮೆಯಾದ್ದರಿಂದ ಅದೊಂದನ್ನೇ ರಾಶಿ ಹಾಕಿದರೆ ಸಾಲದು. ಸರ್ ಆಲ್ಬರ್ಟ್ ಹೋವರ್ಡ್ ಅವರು ಇಂದೂರಿನ ಸಸ್ಯಸಂಶೋಧನ ಸಂಸ್ಥೆಯಲ್ಲಿ ರೂಪಿಸಿ ೧೯೩೧ರಲ್ಲಿ ಪ್ರಕಟಿಸಿದ ಕ್ರಮದಂತೆ, ಎಲೆಯ ಪದರದ ಮೇಲೆ ಸಗಣಿ, ಗಂಜಲ ನೆನೆದ ಮಣ್ಣು ಮತ್ತು ಸ್ವಲ್ಪ ಬೂದಿಯನ್ನು ಹರಡಿ, ನೀರು ಚಿಮುಕಿಸಿ ಪದರಗಳನ್ನು ಏರಿಸಬೇಕು. ಹಿಂಡಿದರೆ ಕೈ ಒದ್ದೆಯಾಗುವಷ್ಟು ತೇವವಿರಲಿ, ನೀರು ಸುರಿಯುವಷ್ಟು ಬೇಡ. ಸುಮಾರು ಹದಿನೈದು ದಿನಕ್ಕೊಮ್ಮೆ, ತಿಂಗಳಿಗೊಮ್ಮೆ, ಎರಡು ತಿಂಗಳಾದಾಗ ಮತ್ತೊಮ್ಮೆ, ಹೀಗೆ ಮೂರು ಸಲ ರಾಶಿಯನ್ನು ಮಗುಚಿ ಹಾಕಿದರೆ ಮೂರು ತಿಂಗಳಿಗೆ ಗೊಬ್ಬರ ಹದಕ್ಕೆ ಬರುತ್ತದೆ. ಮಾಘ ಫಾಲ್ಗುಣಗಳಲ್ಲಿ ಕೂಡಿಸಿದ ಎಲೆ ಮುಂಗಾರಿನ ಬಿತ್ತನೆಯ ವೇಳೆಗೆ ಹೊಲಕ್ಕೆ ಹೊರಡಬಹುದು.